ಹಳೆಯ ಸಿಂಥ್ ಸದ್ದು ಕೇಳಿದರೆ ಮನಸ್ಸು ಯಾಕೆ ಹೀಗಾಗುತ್ತದೆ? ನಮ್ಮ ಕಡೆಯ ಕೇಳುಗರು ಬನ್ನಿ

ತೋರಣಗಲ್ಲು ನೈಟ್‌ಶಿಫ್ಟ್

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಸಿಂಥ್‌ವೇವ್, ಅಂದರೆ ಸಿಂಥಸೈಜರ್ (ಸಿಂಥ್) ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಸಂಗೀತ, ಕೇಳುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ಒಬ್ಬಿಬ್ಬರು ಸಿಕ್ಕರೂ ಸಾಕು. ಬಹಳ ದಿನದಿಂದ ತಲೆಯಲ್ಲಿ ಕೂತಿರುವ ಒಂದು ಪ್ರಶ್ನೆ ಇದೆ.

ಈ ಸಂಗೀತ ಶುರುವಾದದ್ದು 2000ದ ದಶಕದ ನಡುವಿನಲ್ಲಿ. ಮೊದಲು ಹೆಸರು ಮಾಡಿದವರಲ್ಲಿ ಫ್ರಾನ್ಸ್‌ನವರೇ ಜಾಸ್ತಿ. ಕವಿನ್‌ಸ್ಕಿ, ಕಾಲೇಜ್ ಅಂತ ಹೆಸರಿಟ್ಟುಕೊಂಡವರು ಎಂಬತ್ತರ ದಶಕದ ಸಿನಿಮಾ ಮತ್ತು ವಿಡಿಯೊ ಗೇಮ್‌ಗಳ ಸಿಂಥಸೈಜರ್ ಸದ್ದನ್ನು ತೆಗೆದುಕೊಂಡು ಹೊಸದಾಗಿ ಕಟ್ಟಿದರು. 2011ರ ಒಂದು ಹಾಲಿವುಡ್ ಸಿನಿಮಾ ಮತ್ತು 2016ರಲ್ಲಿ ಶುರುವಾದ ಒಂದು ವೆಬ್ ಸರಣಿ ಅದನ್ನು ಎಲ್ಲರ ಕಿವಿಗೂ ಮುಟ್ಟಿಸಿದವು. ಆಲ್ಬಂ ಕವರ್ ನೋಡಿದ್ದೀರಲ್ಲ? ಸಮುದ್ರ, ನೇರಳೆ ಆಕಾಶ, ಕೆಂಪು ಕಾರು. ಅದರಲ್ಲಿ ಒಂದೂ ನಮ್ಮದಲ್ಲ. ನಮ್ಮದು ಜಾಲಿಗಿಡ, ಬಂಡೆ, ಅದಿರು ಲಾರಿ. ನಾನು ಹುಟ್ಟುವ ಹೊತ್ತಿಗೆ ಎಂಬತ್ತರ ದಶಕವೇ ಮುಗಿದಿತ್ತು.

ಆದರೂ ಸೆಕೆಂಡ್ ಶಿಫ್ಟ್ ಮುಗಿಸಿ ಬಳ್ಳಾರಿ ಬಸ್ಸು ಹತ್ತಿ, ಇಯರ್‌ಫೋನ್ ಹಾಕಿಕೊಂಡು, ಕುಡಿತಿನಿಯ ಚಿಮಣಿ ದೀಪಗಳು ಕಂಡಾಗ ಈ ಸದ್ದು ಎಷ್ಟು ಹೊಂದುತ್ತದೆ ಅಂದರೆ, ಇಲ್ಲಿಗೆಂದೇ ಮಾಡಿದ್ದಾರೆ ಅನ್ನಿಸುತ್ತದೆ. ಹಗಲಿನಲ್ಲಿ ಅದೇ ಹಾಡು ಹಾಕಿದರೆ ಅರ್ಧವೂ ಹಿಡಿಸುವುದಿಲ್ಲ.

ಎಲ್ಲರೂ ಇದನ್ನು ಹಳೆಯ ನೆನಪು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನೆನಪಿಸಿಕೊಳ್ಳಲು ನನಗೆ ಆ ಕಾಲವೇ ಇಲ್ಲ. ಭಾವ ಇರುವುದು ಸದ್ದಿನ ಒಳಗೇ. ಒಂದು ಕೆಳಗಿನ ಸ್ವರ ಒತ್ತಿ ಹಿಡಿಯಿರಿ. ಮೇಲಿನ ನಾದಗಳನ್ನು ತಡೆಯುವ ಫಿಲ್ಟರ್ ಪೂರ್ತಿ ಮುಚ್ಚಿರಲಿ. ಬರೀ ಗುಂಯ್ ಅನ್ನುತ್ತದೆ. ಈಗ ಆ ಫಿಲ್ಟರ್ ತೆರೆಯುವ ಕಟ್‌ಆಫ್ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿ. ಮೇಲಿನ ನಾದಗಳು ಒಂದೊಂದಾಗಿ ಹೊರಗೆ ಬರುತ್ತವೆ, ಸದ್ದು ಹೊಳಪು ಪಡೆಯುತ್ತದೆ, ಆಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿ ರಾಗವೂ ಇಲ್ಲ, ಮಾತೂ ಇಲ್ಲ. ಬೆರಳು ಒಂದೇ ಕಡೆ ಇದೆ. ಆದರೂ ಎದೆಯಲ್ಲಿ ಏನೋ ಆಗುತ್ತದೆ. ಯಾಕೆ?

ತಿಳಿದವರು ಹೇಳಿ. ಸುಮ್ನೆ ಕೇಳುವವರೂ ಬರೆಯಿರಿ.

ಸಿಂಧನೂರು ಪೆಟಿಗೆ ಮಾಸ್ತರ

ತಮ್ಮಾ, ಚೆನ್ನಾಗಿ ಬರೆದಿದ್ದೀಯ. ಆದರೆ ನಿನ್ನ ಮಾತು ನನಗೆ ಒಪ್ಪಿಗೆ ಇಲ್ಲ.

ನಾನು ನಾಟಕ ಕಂಪನಿಯಲ್ಲಿ ಕಾಲು ಪೆಟಿಗೆ (ಕಾಲಿನಿಂದ ಒತ್ತುವ ಹಾರ್ಮೋನಿಯಂ) ನುಡಿಸಿ, ಆಮೇಲೆ ರಸಮಂಜರಿ ತಂಡಗಳಿಗೆ ಬಂದವನು. ಯಾವ ಕಂಪನಿಯ ಕೀಬೋರ್ಡ್ ಇಟ್ಟರೂ ನಮ್ಮ ಜನ ಅದನ್ನು ಕ್ಯಾಶಿಯೊ ಅಂತಲೇ ಕರೆಯುತ್ತಿದ್ದರು. ತೊಂಬತ್ತರ ದಶಕದಲ್ಲಿ ನಮ್ಮ ತಂಡದ ಯಜಮಾನರು ಹೈದರಾಬಾದಿನಿಂದ ಒಂದು ಸೆಕೆಂಡ್ ಹ್ಯಾಂಡ್ ಯಮಾಹಾ ಡಿಎಕ್ಸ್7 ತಂದರು. 1983ರಲ್ಲಿ ಬಂದ ಮಾಡೆಲ್. 61 ಕೀ, ಒಟ್ಟಿಗೆ 16 ಸ್ವರ. ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ವಿಧಾನ ಅದರಲ್ಲಿತ್ತು. ಒಂದು ಅಲೆ ಇನ್ನೊಂದು ಅಲೆಯನ್ನು ಅತಿ ವೇಗವಾಗಿ ಅಲುಗಿಸುತ್ತದೆ, ಅದರಿಂದ ಹೊಸ ನಾದಗಳು ಹುಟ್ಟುತ್ತವೆ. ಅಂಥ ಅಲೆಗಳು 6, ಅವನ್ನು ಜೋಡಿಸುವ ಬಗೆಗಳು 32. ನೀನು ಹೇಳಿದ ಕಟ್‌ಆಫ್ ಗುಂಡಿ ಅದರ ಮೈಮೇಲೆ ಎಲ್ಲೂ ಇಲ್ಲ. ಒತ್ತುವ ಬಟನ್ನು, ಎರಡು ಸ್ಲೈಡರ್, ಒಂದು ಸಣ್ಣ ಡಿಸ್‌ಪ್ಲೇ, ಅಷ್ಟೇ. ಹೊಸ ಸದ್ದು ಮಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಇದ್ದ ಸದ್ದಿನಲ್ಲೇ ಗಂಟೆ, ಪಿಯಾನೊ, ಬಾಸು.

ಈಗ ನನ್ನ ಮಾತು ಕೇಳು. ಇವತ್ತು ನೀವೆಲ್ಲ ಮನಸ್ಸು ಭಾರ ಆಗುತ್ತದೆ ಅಂತ ಕೇಳುವ ಆ ಎಲೆಕ್ಟ್ರಿಕ್ ಪಿಯಾನೊ ಸದ್ದಿನಲ್ಲೇ ನಾವು ಮದುವೆ ಮೆರವಣಿಗೆಗೆ ಕುಣಿಯುವ ಹಾಡು ನುಡಿಸಿದ್ದೇವೆ. ಜಾತ್ರೆಯಲ್ಲಿ ಜನ ಟವೆಲ್ ಬೀಸಿದ್ದಾರೆ, ಶಿಳ್ಳೆ ಹೊಡೆದಿದ್ದಾರೆ. ದುಃಖ ಸದ್ದಿನಲ್ಲೇ ಇದ್ದರೆ ಅವತ್ತು ಅದು ಎಲ್ಲಿ ಹೋಗಿತ್ತು?

ನನಗೆ ಆ ಸದ್ದು ಕೇಳಿದರೆ ಜನರೇಟರ್ ಹೊಗೆ, ಸ್ಟೇಜಿನ ಟ್ಯೂಬ್‌ಲೈಟ್, ಬೆಳಗಿನ ಜಾವ ಟೆಂಪೊದಲ್ಲಿ ವಾಪಸು ಬರುವಾಗ ನಿದ್ದೆಯಲ್ಲಿ ತೂಗುತ್ತಿದ್ದ ರಿದಂ ಪ್ಯಾಡ್ ಹುಡುಗ, ಎಲ್ಲ ನೆನಪಿಗೆ ಬರುತ್ತದೆ. ಆ ತಂಡದಲ್ಲಿ ಇಬ್ಬರು ಈಗ ಇಲ್ಲ. ಭಾರ ಆಗುವುದು ಅದಕ್ಕೆ. ನನ್ನ ಮಟ್ಟಿಗೆ ಇದು ನೆನಪೇ.

ಕೊಪ್ಪಳ ಜವಾರಿ

ಮಾಸ್ತರೇ, ನಮಸ್ಕಾರ. ನಾನು ಹಿಂದೂಸ್ತಾನಿ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಸಿಂಥ್ ನುಡಿಸಲು ಬರುವುದಿಲ್ಲ. ಆದರೆ ಈ ಪ್ರಶ್ನೆ ನನ್ನದೂ ಹೌದು, ಯಾಕೆಂದರೆ ದಿನಾ ಬೆಳಿಗ್ಗೆ ತಂಬೂರಿ ಹಿಡಿದು ಕೂತಾಗ ಅದೇ ಆಗುತ್ತದೆ.

ತಂಬೂರಿಯಲ್ಲಿ ನಾಲ್ಕು ತಂತಿ. ನಡುವಿನ ಎರಡು ತಂತಿಗಳು, ಅಂದರೆ ಜೋಡಿ, ಒಂದೇ ಷಡ್ಜಕ್ಕೆ ಕೂಡಬೇಕು. ಪೂರ್ತಿ ಕೂಡುವ ಸ್ವಲ್ಪ ಮೊದಲು ಗಮನವಿಟ್ಟು ಕೇಳಿ. ಎರಡು ಸದ್ದು ಸೇರಿ ಒಂದು ಅಲೆ ಏಳುತ್ತದೆ: ಜೋರು, ಮೆಲ್ಲಗೆ, ಜೋರು, ಮೆಲ್ಲಗೆ. ಒಂದು ತಂತಿ ಸೆಕೆಂಡಿಗೆ 220 ಸಲ, ಇನ್ನೊಂದು 221 ಸಲ ಅಲುಗಿದರೆ ಸೆಕೆಂಡಿಗೆ ಒಂದು ಅಲೆ. ಹತ್ತಿರ ಬಂದಷ್ಟೂ ಅಲೆ ನಿಧಾನ ಆಗುತ್ತದೆ. ಆಮೇಲೆ ಕುದುರೆಯ (ತಂತಿಗಳು ಹಾದುಹೋಗುವ ಮಣೆಯ) ಮೇಲೆ, ತಂತಿಯ ಅಡಿಗೆ, ಹತ್ತಿಯ ದಾರ ಸರಿಸಿ ಜವಾರಿ ತರುತ್ತೇವೆ. ದಾರ ಸರಿಯಾದ ಜಾಗಕ್ಕೆ ಬಂದ ಕ್ಷಣ ತಂತಿ ಝೇಂಕರಿಸುತ್ತದೆ. ಒಂದೇ ಮೀಟಿನಲ್ಲಿ ಮೇಲಿನ ನಾದಗಳು ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ನೈಟ್‌ಶಿಫ್ಟ್ ಅಣ್ಣ ಫಿಲ್ಟರ್ ಬಗ್ಗೆ ಬರೆದದ್ದು ಓದಿದಾಗ ನನಗೆ ಮೊದಲು ಹೊಳೆದದ್ದೇ ಇದು. ಸಿಂಥ್‌ನಲ್ಲೂ ಎರಡು ಆಸಿಲೇಟರನ್ನು, ಅಂದರೆ ಸದ್ದಿನ ಅಲೆ ಹುಟ್ಟಿಸುವ ಭಾಗಗಳನ್ನು, ಬೇಕಂತಲೇ ಚೂರು ತಪ್ಪಿಸಿ ಇಡುತ್ತಾರಂತೆ, ಅಲ್ವಾ?

ಮಾಸ್ತರ ಪ್ರಶ್ನೆಗೆ ನನಗೆ ತೋಚುವ ಉತ್ತರ ಹೀಗೆ. ಸ್ವರ ನಿಂತಿರುತ್ತದೆ, ಸದ್ದು ಒಳಗೇ ಚಲಿಸುತ್ತಿರುತ್ತದೆ. ಭಾವ ಹುಟ್ಟುವುದು ಅಲ್ಲಿ. ಆದರೆ ಆ ಚಲನೆ ಕಿವಿಗೆ ಸಿಗಬೇಕಾದರೆ ಸಮಯ ಬೇಕು. ನಿಮ್ಮ ಮೆರವಣಿಗೆ ಹಾಡಿನಲ್ಲಿ ಒಂದು ಸ್ವರ ಅರ್ಧ ಸೆಕೆಂಡೂ ನಿಲ್ಲುವುದಿಲ್ಲ. ಸದ್ದು ಬಾಯಿ ಬಿಡುವ ಮೊದಲೇ ಮುಂದಿನ ಸ್ವರ ಬಂತು. ನಿಧಾನದ ವಿಲಂಬಿತ್ ಆಲಾಪದಲ್ಲಿ ಇರುವ ಷಡ್ಜ, ವೇಗದ ತರಾನಾದಲ್ಲಿ ಇರುವ ಷಡ್ಜ, ಎರಡೂ ಒಂದೇ ಶ್ರುತಿ. ಆದರೆ ಕೇಳುವವನಿಗೆ ಒಂದೇ ಅನುಭವವೇ? ಹಾಗಾಗಿ ನೀವಿಬ್ಬರೂ ಹೇಳುವುದರಲ್ಲಿ ನನಗೆ ಜಗಳ ಕಾಣುವುದಿಲ್ಲ. ನೀವು ಅವತ್ತು ಆ ಸದ್ದಿಗೆ ಸಮಯ ಕೊಡಲಿಲ್ಲ, ಅಷ್ಟೇ.

ಒಂದು ಕೋರಿಕೆ. ಆ ಡಿಎಕ್ಸ್7 ಈಗಲೂ ಇದ್ದರೆ ಅದೇ ಪಿಯಾನೊ ಸದ್ದಿನಲ್ಲಿ ಎರಡೇ ಎರಡು ಸ್ವರ ಒತ್ತಿ, ಸದ್ದು ತಾನಾಗಿ ಆರುವವರೆಗೆ ಕೈ ತೆಗೆಯದೆ ಕೇಳಿ ನೋಡಿ.

ಸಿಂಧನೂರು ಪೆಟಿಗೆ ಮಾಸ್ತರ

ಇದೆ ತಂಗಿ. ತಂಡ ಮುಚ್ಚಿದಾಗ ಯಜಮಾನರು ನನಗೇ ಕೊಟ್ಟರು. ಟ್ರಂಕಿನಲ್ಲಿದೆ. ತೆಗೆದು ನೋಡಿ ಹೇಳುತ್ತೇನೆ.

ಸರ್ಕ್ಯೂಟ್ ಬಳ್ಳಾರಿ

ಆಂಪ್ಲಿಫೈಯರ್, ಕೀಬೋರ್ಡ್ ರಿಪೇರಿ ಮಾಡುವುದು ನನ್ನ ಕೆಲಸ. ಅಂಗಡಿ ರಾಯಲ್ ಸರ್ಕಲ್‌ನಿಂದ ಸ್ವಲ್ಪ ಒಳಗೆ. ಅಕ್ಕ ಹೇಳಿದ "ಚೂರು ತಪ್ಪಿಸಿ ಇಡುವುದು" ಬಹಳ ಮುಖ್ಯ. ಹಳೆಯ ಅನಲಾಗ್ (ಡಿಜಿಟಲ್ ಅಲ್ಲದ, ವೋಲ್ಟೇಜಿನಿಂದಲೇ ಸದ್ದು ಮಾಡುವ) ಸಿಂಥ್‌ನಲ್ಲಿ ತಪ್ಪಿಸುವ ಕೆಲಸ ನಾವು ಮಾಡಬೇಕಿಲ್ಲ, ಬಿಸಿಲೇ ಮಾಡುತ್ತದೆ.

ಹೇಗೆ ಅಂತ ಕೇಳಿ. ಕೀ ಒತ್ತಿದಾಗ ಒಂದು ವೋಲ್ಟೇಜ್ ಹೋಗುತ್ತದೆ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸಪ್ತಕ ಏರಬೇಕು. ಈ ಲೆಕ್ಕ ಮಾಡುವುದು ಒಂದು ಜೋಡಿ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್‌ಗೆ ಬಿಸಿ ತಾಗಿದರೆ ಲೆಕ್ಕ ಕೆಡುತ್ತದೆ. ಪರಿಹಾರ ಹಾಕದಿದ್ದರೆ ಪ್ರತಿ ಡಿಗ್ರಿಗೆ ಸುಮಾರು ಶೇ 0.3 ವ್ಯತ್ಯಾಸ. ಅದಕ್ಕೇ ಅಲ್ಲಿ ಬಿಸಿಗೆ ತಕ್ಕಂತೆ ಬದಲಾಗುವ ವಿಶೇಷ ರೆಸಿಸ್ಟರ್ ಇಡುತ್ತಾರೆ. ಆದರೂ ಪೂರ್ತಿ ಸರಿಹೋಗುವುದಿಲ್ಲ. 1970ರಲ್ಲಿ ಬಂದ ಮಿನಿಮೂಗ್ ಅನ್ನುವ ಸಿಂಥ್‌ನ ಮೊದಲ ಯಂತ್ರಗಳ ಶ್ರುತಿ ಜಾರುವುದು ಹೆಸರಾದ ಸಂಗತಿ. ಅದಕ್ಕೆ ಮೂರು ಆಸಿಲೇಟರ್. ಮೂರೂ ಬೇರೆಬೇರೆಯಾಗಿ ಜಾರುತ್ತವೆ. ಯಾವ ಎರಡು ಸೆಕೆಂಡೂ ಒಂದೇ ತರ ಇರುವುದಿಲ್ಲ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಅಂಥ ಯಂತ್ರ ಇಲ್ಲಿದ್ದರೆ ಮಧ್ಯಾಹ್ನ ಒಂದು ಶ್ರುತಿ, ರಾತ್ರಿ ಒಂದು ಶ್ರುತಿ.

ಜಪಾನಿನವರು ಇದಕ್ಕೆ ದಾರಿ ಹುಡುಕಿದರು. 1982ರ ರೋಲ್ಯಾಂಡ್ ಜುನೊ-60, 1984ರ ಜುನೊ-106. ಇವುಗಳಲ್ಲಿ ಅಲೆ ಅನಲಾಗ್ ಆದರೂ ಅದರ ಓಟವನ್ನು ಹಿಡಿದಿಡುವುದು ಒಂದು ಡಿಜಿಟಲ್ ಗಡಿಯಾರ. ಶ್ರುತಿ ಜಾರುವುದಿಲ್ಲ. ಆದರೆ ಪ್ರತಿ ಸ್ವರಕ್ಕೂ ಒಂದೇ ಆಸಿಲೇಟರ್, ಸದ್ದು ತೆಳು. ಅದಕ್ಕೆ ಕೋರಸ್ ಸೇರಿಸಿದರು. ಸದ್ದನ್ನು ಎರಡು ಮಾಡಿ, ಎರಡನ್ನೂ ಚೂರು ತಡ ಮಾಡಿ, ಆ ತಡವನ್ನು ಎಡಕ್ಕೂ ಬಲಕ್ಕೂ ಉಲ್ಟಾ ಅಲುಗಿಸುತ್ತದೆ. ಬಟನ್ ಒತ್ತಿದ ತಕ್ಷಣ ಹಿಂದೆ ಸಣ್ಣಗೆ ಸುಂಯ್ ಅನ್ನುವ ಗದ್ದಲ ಬರುತ್ತದೆ. ಅದು ಕೆಟ್ಟಿದೆ ಅಂತ ನನ್ನ ಹತ್ತಿರ ತಂದವರಿದ್ದಾರೆ. ಅದು ಕೆಟ್ಟಿದ್ದಲ್ಲ, ಆ ಚಿಪ್ಪಿನ ಗುಣವೇ ಹಾಗೆ.

ಬೆಂಗಳೂರಿನಿಂದ ಒಬ್ಬರು ಕಳಿಸಿದ ಜುನೊ-106 ಈಗ ನನ್ನ ಮೇಜಿನ ಮೇಲಿದೆ. ಅದರಲ್ಲಿ 6 ಸ್ವರಕ್ಕೆ 6 ವಾಯ್ಸ್ ಚಿಪ್ಪು. ಚಿಪ್ಪುಗಳ ಮೇಲೆ ಕಪ್ಪು ಎಪಾಕ್ಸಿ ಲೇಪ ಇದೆ. ಆ ಲೇಪವೇ ವರ್ಷ ಕಳೆದಂತೆ ಕರೆಂಟ್ ಸೋರಿಸಲು ಶುರು ಮಾಡುತ್ತದೆ. ಒಂದು ಸ್ವರ ಮಾತ್ರ ಚಟಚಟ ಅನ್ನುತ್ತದೆ, ಅಥವಾ ಕೈ ಎತ್ತಿದರೂ ನಿಲ್ಲುವುದಿಲ್ಲ. ಚಿಪ್ಪು ಬಿಚ್ಚಿ, ಅಸಿಟೋನ್‌ನಲ್ಲಿ ನೆನೆಸಿಟ್ಟು, ಮೆತ್ತಗಾದ ಲೇಪವನ್ನು ಚೂರುಚೂರೇ ತೆಗೆಯಬೇಕು. ಅವಸರ ಮಾಡಿದರೆ ಒಳಗಿನ ಸಣ್ಣ ಭಾಗಗಳು ಕಿತ್ತು ಬರುತ್ತವೆ. ಇದಕ್ಕೆ ಹೊಸ ಬದಲಿ ಚಿಪ್ಪುಗಳೂ ಸಿಗುತ್ತವೆ. ಆದರೆ ಹಳೆಯದು ಮತ್ತೆ ದನಿ ತೆಗೆದಾಗ ಆಗುವ ಖುಷಿಯೇ ಬೇರೆ.

ಇನ್ನೊಂದು ವಿಷಯ. ಜಪಾನಿನಿಂದ ನೇರ ತರಿಸಿದ ಯಂತ್ರಗಳು 100 ವೋಲ್ಟಿನವು. ನಮ್ಮ 230ಕ್ಕೆ ಸುಮ್ನೆ ಚುಚ್ಚಬೇಡಿ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ.

ಲಿಂಗಸುಗೂರು ಶ್ರೋತೃ

ಸ್ವಲ್ಪ ಖಾರ ಅನ್ನಿಸಬಹುದು, ಆದರೆ ಹೇಳಲೇಬೇಕು. ಯಂತ್ರಗಳ ಬಗ್ಗೆ ಬರೆದದ್ದೆಲ್ಲ ಚೆನ್ನಾಗಿದೆ. ಸಂಗೀತದ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? ಈಗ ಬರುವ ಸಿಂಥ್‌ವೇವ್‌ನಲ್ಲಿ ಹತ್ತು ಕೇಳಿದರೆ ಒಂಬತ್ತು ಒಂದೇ ತರ. ಅದೇ ದಪ್ಪ ಡ್ರಮ್ಮು, ಅದೇ ಓಡುವ ಬಾಸು, ಅದೇ ನಾಲ್ಕು ಕಾರ್ಡು (ಒಟ್ಟಿಗೆ ಒತ್ತುವ ಸ್ವರಗಳ ಗುಂಪು). ನಿಜವಾದ ಎಂಬತ್ತರ ದಶಕದ ಸಂಗೀತ ಹೀಗಿರಲಿಲ್ಲ. ಇದು ಯಾರೋ ಕಟ್ಟಿದ ಎಂಬತ್ತರ ದಶಕ.

ನನಗೆ ಹಿಡಿಸುವುದು ಅದರ ಮೂಲದವರು. ಜರ್ಮನಿಯ ಟ್ಯಾಂಜರೀನ್ ಡ್ರೀಮ್ 1974ರ ಹೊತ್ತಿಗೇ ಸೀಕ್ವೆನ್ಸರ್ (ಸ್ವರಗಳ ಸಾಲನ್ನು ತಾನೇ ಮತ್ತೆಮತ್ತೆ ನುಡಿಸುವ ಯಂತ್ರ) ಹಿಡಿದು ಇಪ್ಪತ್ತು ನಿಮಿಷದ ಹತ್ತಿರ ಹೋಗುವ ರಚನೆ ಮಾಡಿದ್ದರು. ಅಮೆರಿಕದ ನಿರ್ದೇಶಕ ಜಾನ್ ಕಾರ್ಪೆಂಟರ್ 1978ರಲ್ಲಿ ತನ್ನ ಭಯದ ಸಿನಿಮಾಕ್ಕೆ ತಾನೇ ಐದು ಎಣಿಕೆಯ ತಾಳದಲ್ಲಿ ಸಂಗೀತ ಕೊಟ್ಟ. ಗ್ರೀಸ್‌ನ ವ್ಯಾಂಜೆಲಿಸ್ 1982ರ ಪ್ರಸಿದ್ಧ ವೈಜ್ಞಾನಿಕ ಸಿನಿಮಾ ಬ್ಲೇಡ್ ರನ್ನರ್‌ಗೆ ಯಮಾಹಾ ಸಿಎಸ್-80 ನುಡಿಸಿದ. ಅದು ನೂರು ಕೆಜಿ ಹತ್ತಿರ ತೂಗುವ ಯಂತ್ರ. ಆದರೆ ಪ್ರತಿ ಕೀಯನ್ನೂ ಒತ್ತಿದ ಮೇಲೆ ಎಷ್ಟು ಅದುಮುತ್ತೀರಿ ಅನ್ನುವುದನ್ನು ಬೇರೆಬೇರೆಯಾಗಿ ಗುರುತಿಸುತ್ತಿತ್ತು. ಒಂದು ಕಾರ್ಡಿನ ಒಂದೇ ಬೆರಳನ್ನು ಅದುಮಿ ಆ ಒಂದು ಸ್ವರವನ್ನು ಮಾತ್ರ ಬೆಳಗಿಸಬಹುದು. ಆ ಸಂಗೀತದಲ್ಲಿ ಕೈ ಕೇಳಿಸುತ್ತದೆ. ಈಗಿನವರಲ್ಲಿ ಬಹಳ ಜನರಲ್ಲಿ ಕೈ ಕೇಳಿಸುವುದಿಲ್ಲ, ಬರೀ ಪ್ರೀಸೆಟ್, ಅಂದರೆ ಯಂತ್ರದಲ್ಲಿ ಮೊದಲೇ ತಯಾರಿಟ್ಟ ಸದ್ದು, ಕೇಳಿಸುತ್ತದೆ.

ತೋರಣಗಲ್ಲು ನೈಟ್‌ಶಿಫ್ಟ್

ಅಣ್ಣಾ, ಒಂದೇ ತರ ಇದೆ ಅನ್ನುವುದು ನಿಜ. ಆದರೆ ಶಿಫ್ಟ್ ಮುಗಿಸಿ ಬರುವವನಿಗೆ ಆ ಒಂದೇ ತರ ಇರುವುದೂ ಬೇಕಾಗುತ್ತದೆ. ಮುಂದೆ ಏನು ಬರುತ್ತದೆ ಅಂತ ಗೊತ್ತಿರುವ ಹಾಡಿನಲ್ಲಿ ಮನಸ್ಸು ಸಡಿಲ ಬಿಡುತ್ತದೆ. ಭಜನೆಯಲ್ಲೂ ಒಂದೇ ಸಾಲು ನೂರು ಸಲ ಬರುತ್ತದಲ್ವಾ? ಕಟ್ಟಿದ ಎಂಬತ್ತರ ದಶಕ ಅಂದಿರಿ. ಕಟ್ಟಿದ್ದು ಅಂತ ಗೊತ್ತಿದ್ದೇ ಕೇಳುತ್ತೇವೆ. ಅಲ್ಲಿ ಜಾಗ ಖಾಲಿ ಇದೆ. ನಾನು ಅದರೊಳಗೆ ನನ್ನ ಹೆದ್ದಾರಿ ಇಡುತ್ತೇನೆ.

ಕೈ ಕೇಳಿಸಬೇಕು ಅನ್ನುವ ಮಾತು ಮಾತ್ರ ನಾಟಿತು. ವ್ಯಾಂಜೆಲಿಸ್‌ನ ಆ ಸಂಗೀತವನ್ನು ಇವತ್ತು ರಾತ್ರಿ ಮತ್ತೆ ಕೇಳುತ್ತೇನೆ, ಬೆರಳಿನ ಕಡೆ ಗಮನ ಕೊಟ್ಟು.

ಆನೆಗೊಂದಿ ಕತ್ತಲು

ಗಂಗಾವತಿಯವನು, ಡಿಗ್ರಿ ಓದುತ್ತಿದ್ದೇನೆ. ಇಲ್ಲಿ ಯಾರಾದರೂ ಡಂಜನ್ ಸಿಂಥ್ ಕೇಳುತ್ತೀರಾ? 1990ರ ದಶಕದ ಮೊದಲ ವರ್ಷಗಳಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ (ಕರ್ಕಶ ಗಿಟಾರ್ ಸಂಗೀತ) ಗುಂಪಿನ ಕೆಲವರು, ಮಾರ್ಟಿಸ್ ಅನ್ನುವವನು ಮುಖ್ಯವಾಗಿ, ಗಿಟಾರ್ ಬದಿಗಿಟ್ಟು ಕೀಬೋರ್ಡಿನಲ್ಲೇ ಹಳೆಯ ಕೋಟೆ, ಕಾಡು, ಕತ್ತಲ ಲೋಕದ ಸಂಗೀತ ಮಾಡಿದರು. ದುಬಾರಿ ಯಂತ್ರ ಬೇಕಿಲ್ಲ. ಅಗ್ಗದ ಕೀಬೋರ್ಡಿನ ಸುಳ್ಳು ಕೊಳಲು, ಸುಳ್ಳು ಕಹಳೆ ಸದ್ದು, ಕ್ಯಾಸೆಟ್ಟಿನ ಮಬ್ಬು, ಅಷ್ಟು ಸಾಕು. ಈಗಲೂ ಕ್ಯಾಸೆಟ್ಟಿನಲ್ಲೇ ಬಿಡುಗಡೆ ಮಾಡುವವರಿದ್ದಾರೆ.

ಕೋಟೆ ಅಂದರೆ ನಮ್ಮಲ್ಲಿ ಕಡಿಮೆಯೇ? ಬಳ್ಳಾರಿ ಗುಡ್ಡದ ಮೇಲೆ ಕೋಟೆ, ಕೊಪ್ಪಳದಲ್ಲಿ ಕೋಟೆ, ರಾಯಚೂರಿನಲ್ಲಿ 1294ರ ಶಾಸನ ಕೊರೆದ ಉದ್ದನೆಯ ಕಲ್ಲು ಕೂತಿರುವ ಕೋಟೆ. ಆ ಊರಿಗಾಗಿ 1520ರಲ್ಲಿ ಕೃಷ್ಣದೇವರಾಯ ಯುದ್ಧ ಮಾಡಿದ. ನಮ್ಮ ಆನೆಗೊಂದಿಯ ಬಂಡೆಗಳ ನಡುವೆ ಸಂಜೆ ಕೂತರೆ ನಾರ್ವೆಯ ಕಾಡು ಯಾಕೆ ಬೇಕು? ಅಕ್ಕನ ಮನೆಯಲ್ಲಿದ್ದ ಹಳೆಯ ಕ್ಯಾಸಿಯೊ ತಂದು ನಾನೇ ಒಂದಿಷ್ಟು ಮಾಡುತ್ತಿದ್ದೇನೆ. ಕೆಳಗೆ ಒಂದು ಉದ್ದ ಸ್ವರ, ಮೇಲೆ ನಾಲ್ಕು ಸ್ವರದ ಒಂದು ಸಾಲು. ಸ್ಪೀಕರ್ ಎದುರು ಫೋನ್ ಇಟ್ಟು ರೆಕಾರ್ಡ್ ಮಾಡುತ್ತೇನೆ. ಕೋಣೆಯ ಗುಂಗೂ ಸೇರುತ್ತದೆ, ಫ್ಯಾನ್ ಸದ್ದೂ ಸೇರುತ್ತದೆ.

ಕೊಪ್ಪಳ ಜವಾರಿ

ಕತ್ತಲು ತಮ್ಮಾ, ಮಾಡು, ನಿಲ್ಲಿಸಬೇಡ. ಒಂದೇ ಮಾತು. ಆ ನಾಲ್ಕು ಸ್ವರದ ಸಾಲು ಯುರೋಪಿನ ಕೋಟೆಯಿಂದ ಬರಬೇಕಾಗಿಲ್ಲ. ತೋಡಿಯ ಕೋಮಲ ರಿಷಭ, ಕೋಮಲ ಗಾಂಧಾರ ಹಿಡಿದು ನೋಡು. ಇಲ್ಲವೇ ಮಾರ್ವಾ. ಷಡ್ಜಕ್ಕೆ ಬರಲು ಆ ರಾಗ ಎಷ್ಟು ಸತಾಯಿಸುತ್ತದೆ ಗೊತ್ತಾ? ಸಂಜೆಗೆ ಹೇಳಿ ಮಾಡಿಸಿದ್ದು. ಕೆಳಗಿನ ಉದ್ದ ಸ್ವರ ಷಡ್ಜದಲ್ಲೇ ಇರಲಿ, ಮೇಲಿನ ಸಾಲು ಅದನ್ನು ಮುಟ್ಟದೆ ಸುತ್ತಲಿ. ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರು ಆಗಿಹೋದ ನೆಲ ಇದು. ಕಿವಿ ನಮಗೆ ಇಲ್ಲೇ ಸಿಗುತ್ತದೆ.

ಲಿಂಗಸುಗೂರು ಶ್ರೋತೃ

ಅಕ್ಕ ರಾಗದ ಮಾತು ತೆಗೆದದ್ದು ಒಳ್ಳೆಯದಾಯಿತು. ಈ ದಾರಿಯಲ್ಲಿ ಮೊದಲೇ ನಡೆದವರಿದ್ದಾರೆ. ಚರಣ್‌ಜಿತ್ ಸಿಂಗ್ ಹೆಸರು ಕೇಳಿದ್ದೀರಾ? ಮುಂಬೈ ಸಿನಿಮಾ ಸಂಗೀತದಲ್ಲಿ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಸಿಂಥಸೈಜರಿನಲ್ಲಿ ನುಡಿಸಿ ಒಂದು ರೆಕಾರ್ಡ್ ತಂದರು. ಮೂರು ರೋಲ್ಯಾಂಡ್ ಯಂತ್ರ: ಜುಪಿಟರ್-8 ಸಿಂಥ್, ಟಿಆರ್-808 ಡ್ರಮ್ ಮಷಿನ್, ಟಿಬಿ-303 ಬಾಸು. ಆಗ ಯಾರೂ ಗಮನಿಸಲಿಲ್ಲ. 2010ರಲ್ಲಿ ಅದು ಮರುಬಿಡುಗಡೆ ಆದಾಗ ಯುರೋಪಿನವರು ಬೆಚ್ಚಿಬಿದ್ದರು. ಯಾಕೆಂದರೆ ಅಮೆರಿಕದ ಶಿಕಾಗೊದಲ್ಲಿ ಅದೇ 303 ಹಿಡಿದು ಆಸಿಡ್ ಹೌಸ್ ಅನ್ನುವ ಕುಣಿತದ ಸಂಗೀತ ಹುಟ್ಟಿದ್ದು ಎಂಬತ್ತರ ದಶಕದ ಉತ್ತರಾರ್ಧದಲ್ಲಿ. ಕೇಳಿದರೆ ಎರಡೂ ಅಣ್ಣತಮ್ಮಂದಿರು. ಅವರು 2015ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಾದರೂ ವಿದೇಶದ ವೇದಿಕೆಗಳಲ್ಲಿ ಅದನ್ನು ನುಡಿಸಿದರು ಅನ್ನುವುದು ನನಗೆ ಸಮಾಧಾನ.

303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸ್ಲೈಡ್ ಇದೆ. ಬಾಸ್ ಗಿಟಾರಿನ ಬದಲಿಗೆ ಅಂತ ಮಾಡಿದ ಯಂತ್ರ ಅದು. ಆ ಕೆಲಸಕ್ಕೆ ಒದಗಲಿಲ್ಲ. ಆದರೆ ರಾಗಕ್ಕೆ ಆ ಜಾರು ಹೇಗೆ ಕೂತಿದೆ ನೋಡಿ. ಹಾರ್ಮೋನಿಯಂನಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಆಗದು. ಇದರಲ್ಲಿ ಆಗುತ್ತದೆ.

ಅದಕ್ಕೂ ಹಿಂದಿನದು ಇನ್ನೊಂದಿದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಅಮೆರಿಕದ ಡೇವಿಡ್ ಟ್ಯೂಡರ್ ಬಂದು ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೊ ಹೂಡಿಕೊಟ್ಟರು. ಗೀತಾ ಸಾರಾಭಾಯ್ ಮತ್ತಿತರರು ಅಲ್ಲಿ ಕೆಲಸ ಮಾಡಿದರು. 1972ರವರೆಗಿನ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದಿದ್ದವು. ಪಾಲ್ ಪರ್ಗಸ್ ಅನ್ನುವವರು ಹುಡುಕಿ ತೆಗೆದರು, 2023ರಲ್ಲಿ ಹೊರಬಂದವು. ಇದು ಹೊರಗಿನವರ ಸಂಗೀತ, ನಾವು ಬರೀ ಕೇಳುಗರು ಅಂತ ಯಾರಾದರೂ ಅಂದರೆ ಈ ಎರಡನ್ನೂ ಕೇಳಿಸಿ.

ಮಸ್ಕಿ ಹೊಸಬ

ಎಲ್ಲ ಓದಿದೆ. ಕೈ ಕೆರೆಯುತ್ತಿದೆ! ಆದರೆ ಜುನೊ, ಮೂಗ್ ಎಲ್ಲ ನಮ್ಮ ಕೈಗೆ ಎಟುಕುವುದಲ್ಲ. ಹಳೆಯ ಲ್ಯಾಪ್‌ಟಾಪ್ ಒಂದಿದೆ. ಎಲ್ಲಿಂದ ಶುರು ಮಾಡಲಿ?

ಸರ್ಕ್ಯೂಟ್ ಬಳ್ಳಾರಿ

ಲ್ಯಾಪ್‌ಟಾಪ್ ಸಾಕು. ಸರ್ಜ್ ಎಕ್ಸ್‌ಟಿ, ವೈಟಲ್ ಅನ್ನುವ ಸಾಫ್ಟ್‌ವೇರ್ ಸಿಂಥ್‌ಗಳು ಎರಡೂ ಉಚಿತವಾಗಿ ಸಿಗುತ್ತವೆ. ಡಿಎಕ್ಸ್7 ಸದ್ದು ಬೇಕಾದರೆ ಡೆಕ್ಸೆಡ್, ಅದೂ ಉಚಿತ. ಲ್ಯಾಪ್‌ಟಾಪ್ ತೀರಾ ಹಳೆಯದಾದರೆ ಟಾಲ್ ನಾಯ್ಸ್‌ಮೇಕರ್ ಹಾಕಿ, ಹಗುರ ಇದೆ.

ಪ್ರೀಸೆಟ್ ತೆರೆಯಬೇಡಿ. ಖಾಲಿ ಸದ್ದಿನಿಂದ ಶುರು ಮಾಡಿ. ಎರಡು ಆಸಿಲೇಟರ್, ಎರಡಕ್ಕೂ ಗರಗಸದ ಹಲ್ಲಿನ ಆಕಾರದ ಅಲೆ (ಸಾಟೂತ್). ಎರಡನೆಯದನ್ನು 5ರಿಂದ 8 ಸೆಂಟ್ ತಪ್ಪಿಸಿ. 100 ಸೆಂಟ್ ಅಂದರೆ ಪಕ್ಕದ ಕೀ, ಹಾಗಾಗಿ ಇದು ಬಹಳ ಸಣ್ಣದು. ಅಕ್ಕ ಹೇಳಿದ ಅಲೆ ಇಲ್ಲೇ ಕೇಳಿಸುತ್ತದೆ. ಮೇಲಿನ ನಾದ ತಡೆಯುವ ಲೋ ಪಾಸ್ ಫಿಲ್ಟರ್ ಹಾಕಿ, ಕಟ್‌ಆಫ್ ಕೆಳಗಿಡಿ. ಆಂಪ್ಲಿಫೈಯರ್ ಎನ್ವಲಪ್‌ನಲ್ಲಿ ಅಟ್ಯಾಕ್ (ಸದ್ದು ಏಳುವ ಸಮಯ) ಒಂದು ಸೆಕೆಂಡ್, ರಿಲೀಸ್ (ಕೈ ಎತ್ತಿದ ಮೇಲೆ ಆರುವ ಸಮಯ) ಮೂರು ಸೆಕೆಂಡ್. ಒಂದು ಎಲ್‌ಎಫ್‌ಒ (ನಿಧಾನಕ್ಕೆ ತೂಗುವ, ಕಿವಿಗೆ ಕೇಳಿಸದ ಅಲೆ) ತೆಗೆದುಕೊಂಡು ಹತ್ತು ಸೆಕೆಂಡಿಗೆ ಒಂದು ಸುತ್ತು ಬರುವಂತೆ ಮಾಡಿ ಕಟ್‌ಆಫ್‌ಗೆ ಜೋಡಿಸಿ. ಕೊನೆಗೆ ಕೋರಸ್. ಒಂದು ಸ್ವರ ಒತ್ತಿ ಒಂದು ನಿಮಿಷ ಬಿಡಿ. ನೈಟ್‌ಶಿಫ್ಟ್ ಕೇಳಿದ ಪ್ರಶ್ನೆ ನಿಮಗೇ ಎದುರಾಗುತ್ತದೆ. ಫೋನ್ ಸ್ಪೀಕರಿನಲ್ಲಿ ಕೇಳಬೇಡಿ, ಕೆಳಗಿನ ನಾದ ಪೂರ್ತಿ ಹೋಗುತ್ತದೆ.

ಸಿಂಧನೂರು ಪೆಟಿಗೆ ಮಾಸ್ತರ

ಕೊಪ್ಪಳದ ತಂಗೀ, ಡಿಎಕ್ಸ್7 ತೆಗೆದೆ. ಧೂಳು ಒರೆಸಿ, ಆಂಪ್ಲಿಫೈಯರಿಗೆ ಹಾಕಿ, ಆನ್ ಆಯಿತು. ಅದೇ ಪಿಯಾನೊ ಸದ್ದು ಇಟ್ಟುಕೊಂಡೆ. ಎಡಗೈಯಲ್ಲಿ ಷಡ್ಜ, ಬಲಗೈಯಲ್ಲಿ ಕೋಮಲ ಗಾಂಧಾರ. ಸಸ್ಟೇನ್ ಪೆಡಲ್ ತುಳಿದು ಕೂತೆ.

ನೀನು ಹೇಳಿದ್ದು ಸರಿ. ಮೊದಲು ಟಿಣ್ ಅನ್ನುವ ಲೋಹದ ಸದ್ದು. ಸ್ಟೇಜಿನಲ್ಲಿ ಇಷ್ಟು ವರ್ಷ ನನಗೆ ಕೇಳಿಸಿದ್ದು ಅದೊಂದೇ. ಅದು ಆರಿದ ಮೇಲೆ ಒಳಗೆ ಒಂದು ನಿಧಾನದ ತೂಗಾಟ ಇದೆ. ಈ ಯಂತ್ರ ಡಿಜಿಟಲ್, ಬಿಸಿಲಿಗೆ ಜಾರುವುದಲ್ಲ. ಆ ಸದ್ದು ಕಟ್ಟಿದವರೇ ಅಲೆಗಳನ್ನು ಚೂರು ತಪ್ಪಿಸಿ ಇಟ್ಟಿದ್ದಾರೆ. ಎಷ್ಟು ಮದುವೆಗಳಲ್ಲಿ ಇದು ನನ್ನ ಬೆರಳ ಕೆಳಗೇ ಇತ್ತು! ನನ್ನ ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳಿದಳು, ಇನ್ನೊಮ್ಮೆ ಅಂದಳು. ಅವಳಿಗೆ ನಮ್ಮ ತಂಡದ ನೆನಪು ಎಲ್ಲಿಂದ ಬರಬೇಕು? ನೈಟ್‌ಶಿಫ್ಟ್ ತಮ್ಮಾ, ಇದರಲ್ಲಿ ನಿನ್ನ ಮಾತಿಗೂ ತೂಕ ಇದೆ. ಆದರೆ ನನ್ನ ಪಾಲಿನ ನೆನಪನ್ನೂ ನಾನು ಬಿಡುವುದಿಲ್ಲ.

ಸರ್ಕ್ಯೂಟ್ ಅವರೇ, ಒಂದು ಪ್ರಶ್ನೆ. ಒಳಗಿನ 32 ಸದ್ದುಗಳಲ್ಲಿ ನಮ್ಮ ಯಜಮಾನರು ಹೈದರಾಬಾದಿನ ಒಬ್ಬರ ಹತ್ತಿರ ಹಾಕಿಸಿದ ಶಹನಾಯಿ ಮತ್ತು ಸಂತೂರ್ ಇವೆ. ಬೇರೆ ಎಲ್ಲೂ ಸಿಗುವುದಿಲ್ಲ. ಅವನ್ನು ಉಳಿಸಿಕೊಳ್ಳುವುದು ಹೇಗೆ?

ಸರ್ಕ್ಯೂಟ್ ಬಳ್ಳಾರಿ

ಮಾಸ್ತರೇ, ತಡ ಮಾಡಬೇಡಿ. ಆ ಸದ್ದುಗಳನ್ನು ಹಿಡಿದಿಟ್ಟಿರುವುದು ಒಳಗಿನ ಒಂದು ಸಿಆರ್2032 ಬ್ಯಾಟರಿ. ಅದು ಸತ್ತ ದಿನ 32 ಸದ್ದೂ ಹೋದವು. ಬ್ಯಾಟರಿಯನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ, ಬಿಚ್ಚಿದರೂ ಹೋಗುತ್ತವೆ. ಹಾಗಾಗಿ ಮೊದಲು ಬ್ಯಾಕಪ್, ಆಮೇಲೆ ಬ್ಯಾಟರಿ.

ಕೀಬೋರ್ಡಿನ ಮಾಹಿತಿಯನ್ನು ಕಂಪ್ಯೂಟರಿಗೆ ಸಾಗಿಸುವ ಯುಎಸ್‌ಬಿ ಮಿಡಿ ಕೇಬಲ್ ಒಂದು ಬೇಕು. ಕೀಬೋರ್ಡಿನ ಮಿಡಿ ಔಟ್‌ನಿಂದ ಕಂಪ್ಯೂಟರಿಗೆ. ಫಂಕ್ಷನ್ ಮೋಡಿನಲ್ಲಿ 8ನೇ ಬಟನ್ ಒತ್ತುತ್ತಾ ಹೋಗಿ. ಸಿಸ್ಟಂ ಇನ್ಫೊ ಅಂತ ಬಂದಾಗ ಅವೈಲಬಲ್ ಮಾಡಿ. ಮತ್ತೆ ಒತ್ತಿದರೆ ಮಿಡಿ ಟ್ರಾನ್ಸ್‌ಮಿಟ್ ಅಂತ ಕೇಳುತ್ತದೆ. ಯೆಸ್ ಒತ್ತಿದರೆ 32 ಸದ್ದೂ ಒಟ್ಟಿಗೆ ಬರುತ್ತವೆ. ಕಂಪ್ಯೂಟರಿನಲ್ಲಿ ಸಿಸೆಕ್ಸ್ (ಮಿಡಿಯಲ್ಲಿ ಬರುವ ಆ ಸದ್ದುಗಳ ಮಾಹಿತಿ) ಹಿಡಿಯುವ ಪ್ರೋಗ್ರಾಂ ಮೊದಲೇ ತೆರೆದಿರಲಿ. ಬಂದ ಫೈಲನ್ನು ಡೆಕ್ಸೆಡ್‌ನಲ್ಲಿ ತೆರೆದು ಶಹನಾಯಿ ಕೇಳಿಸುತ್ತದಾ ಅಂತ ನೋಡಿ, ಆಮೇಲೆ ಎರಡು ಕಡೆ ಉಳಿಸಿ. ವಾಪಸು ಹಾಕುವಾಗ ಮೆಮೊರಿ ಪ್ರೊಟೆಕ್ಟ್ ಆಫ್ ಮಾಡುವುದನ್ನು ಮರೆಯಬೇಡಿ.

ಕೇಬಲ್ ಇಲ್ಲದಿದ್ದರೆ ಭಾನುವಾರ ಅಂಗಡಿಗೆ ತನ್ನಿ. ಬ್ಯಾಟರಿಗೆ ಹೋಲ್ಡರ್ ಹಾಕಿಕೊಡುತ್ತೇನೆ, ಮುಂದಿನ ಸಲ ಬೆಸುಗೆ ಬಿಚ್ಚುವ ಕೆಲಸ ಇರುವುದಿಲ್ಲ.

ಮಸ್ಕಿ ಹೊಸಬ

ಮಾಸ್ತರೇ, ಬ್ಯಾಕಪ್ ಆದ ಮೇಲೆ ಆ ಶಹನಾಯಿ, ಸಂತೂರ್ ಸದ್ದುಗಳನ್ನು ನಮಗೂ ಕೊಡುತ್ತೀರಾ? ಡೆಕ್ಸೆಡ್ ಇಳಿಸಿಕೊಂಡಿದ್ದೇನೆ.

ಸಿಂಧನೂರು ಪೆಟಿಗೆ ಮಾಸ್ತರ

ಧಾರಾಳವಾಗಿ ಕೊಡುತ್ತೇನೆ. ಸರ್ಕ್ಯೂಟ್ ಅವರೇ, ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಪೆಡಲೂ ತರುತ್ತೇನೆ, ಅದರ ಪಿನ್ನು ಸ್ವಲ್ಪ ಸಡಿಲ ಇದೆ.